ಊರಿನ ಖಾನೆ

ವಾರಿಜಕ್ಕ ಯಾರ ಮನೆಗೆ ಹೋದರೂ ಮನೆಯವರ ಮುಖ ನೋಡುವ ಮೊದಲು ಅವರ ಕಪಾಟಿನ ಬಾಗಿಲು ತೆಗೆಯುತ್ತಿದ್ದರು. ಕೇಳುವುದು ಗೀಳುವುದು ಏನಿಲ್ಲ. ಚಪ್ಪಲಿ ಬಿಟ್ಟರೆ ನೇರ ಮಲಗುವ ಕೋಣೆ. ಬಾಗಿಲುಗಳನ್ನು ಹಾರುಹೊಡೆದು, ಸೊಂಟದ ಮೇಲೆ ಕೈಯಿಟ್ಟು, ಡಾಕ್ಟರು ಎಕ್ಸ್‌ರೇ ನೋಡುವ ಹಾಗೆ ಒಳಗಿದ್ದುದನ್ನೆಲ್ಲ ನೋಡಿ, "ಎಂಥ ಅವಸ್ಥೆ ಮಾರಾಯ್ತಿ ಇದು!" ಎನ್ನುವರು. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಮಸ್ಕತ್ತಿನ ನಮ್ಮ ದಾರ್ಸೈಟ್ ಬಡಾವಣೆಯ ಹೆಂಗಸರು ಜಗಳಕ್ಕೇ ನಿಲ್ಲುತ್ತಿದ್ದರು. ವಾರಿಜಕ್ಕನಿಗೆ ಮಾತ್ರ ಚಹಾ ಮಾಡಿ ಕೊಟ್ಟು, ಪಕ್ಕದ ಕೋಣೆಯ ಕಪಾಟನ್ನೂ ತೋರಿಸುತ್ತಿದ್ದರು.

ನಾನು ಅವರ ಕೈಗೆ ಸಿಕ್ಕಿದ್ದು ಮಸ್ಕತ್ತಿಗೆ ಬಂದ ದಿನವೇ. ಎರಡು ಬೆಡ್‌ರೂಮಿನ ಒಂದು ಫ್ಲ್ಯಾಟು, ಅದರಲ್ಲಿ ಎರಡು ಸಂಸಾರ. ಒಂದು ಕೋಣೆ ವಾರಿಜಕ್ಕ ಮತ್ತು ಅವರ ಗಂಡ ಶೇಖರಣ್ಣನದು, ಇನ್ನೊಂದು ನಮ್ಮದು. ಅಡುಗೆಮನೆಯೂ ಹಾಲ್‌ ಕೂಡ ಇಬ್ಬರಿಗೂ ಸೇರಿದ್ದು. ನಮ್ಮಂಥ ಸಂಬಳದವರು ಇಲ್ಲಿ ಹೀಗೇ ಇರುತ್ತಾರೆ ಎಂದು ನಮ್ಮವರು ಮದುವೆಗೆ ಮೊದಲು ಹೇಳಿದ್ದರಂತೆ, ನನಗಂತೂ ನೆನಪಿಲ್ಲ. ನಂಜನಗೂಡಿನಿಂದ ಅಮ್ಮ ತುಂಬಿ ಕಳಿಸಿದ್ದ ಸೂಟ್‌ಕೇಸುಗಳನ್ನು ಬಿಚ್ಚಿ, ಇದ್ದೊಂದು ಕಪಾಟಿಗೆ ತುರುಕಿ ತುರುಕಿ, ಕೊನೆಗೆ ಬಾಗಿಲು ಮುಚ್ಚಲಾಗದೆ ಮಂಚದ ಮೇಲೆ ಕೂತು ಅಳುತ್ತಿದ್ದೆ. ಹೊಸ ಮದುವಣಗಿತ್ತಿ ತವರು ನೆನೆದು ಅಳುತ್ತಿದ್ದಾಳೆ ಎಂದುಕೊಂಡು ನಮ್ಮವರು ನೀರು ತರಲು ಹೋದರು. ಒಳಗೆ ಬಂದವರು ವಾರಿಜಕ್ಕ.

"ಅಳುದು ಎಂಥದಕ್ಕೆ? ಕಪಾಟು ಅಂದ್ರೆ ಹೊಟ್ಟೆ ಇದ್ದ ಹಾಗೆ. ತುಂಬಿಸಿದ್ರೆ ತುಂಬ್ತದೆ, ತುರುಕಿದ್ರೆ ಕಕ್ತದೆ. ತೆಗಿ ಎಲ್ಲ ಹೊರಗೆ" ಎಂದರು.

ಅವತ್ತು ಮಧ್ಯಾಹ್ನವೆಲ್ಲ ನನಗೆ ಪಾಠ. ಒಂದು ಸೀರೆ, ಅದರ ರವಿಕೆ, ಅದರ ಲಂಗ, ಮೂರನ್ನೂ ಒಟ್ಟಿಗೆ ಸುತ್ತಿ ಒಂದು ದಿಂಬಿನ ಚೀಲದೊಳಗೆ; ಹಾಗೆ ಮಾಡಿದರೆ ಒಂದನ್ನು ಹುಡುಕಲು ಹತ್ತನ್ನು ಎಳೆದುಹಾಕಬೇಕಾಗಿಲ್ಲ. ಮಡಿಸಿದ ಬಟ್ಟೆಯನ್ನು ಒಂದರ ಮೇಲೊಂದು ಪೇರಿಸಬಾರದು, ಪುಸ್ತಕದ ಹಾಗೆ ನಿಲ್ಲಿಸಬೇಕು. ಕಪಾಟಿನ ಬಾಗಿಲಿನ ಒಳಮೈಗೆ ಹಳೆಯ ಜೀನ್ಸಿನ ಜೇಬುಗಳನ್ನು ಹೊಲಿದ ಒಂದು ಪರದೆ. ಬಳೆ, ಬಾಚಣಿಗೆ, ಪಾಸ್‌ಪೋರ್ಟು ಎಲ್ಲ ಅದರಲ್ಲಿ. "ಸ್ವೆಟರ್ ಎಂಥಕ್ಕೆ ತಂದದ್ದು ನೀನು ಮಸ್ಕತ್ತಿಗೆ?" ಎಂದು ನಗಾಡಿ, ಆ ಸ್ವೆಟರುಗಳನ್ನೇ ದಿಂಬಿನೊಳಗೆ ಹತ್ತಿಯ ಬದಲು ತುಂಬಿದರು. ಮರುದಿನ ಬೆಳಿಗ್ಗೆ ಪಕ್ಕದಲ್ಲಿ ಕಟ್ಟುತ್ತಿದ್ದ ಬಿಲ್ಡಿಂಗಿಗೆ ಹೋಗಿ, ಪಾಕಿಸ್ತಾನದ ಮೇಸ್ತ್ರಿಯನ್ನು "ಭಾಯ್, ಚಾರ್ ಬ್ಲಾಕ್ ದೇದೋ, ಬಚ್ಚೀ ಕೇಲಿಯೆ" ಎಂದು ಕೇಳಿ ನಾಲ್ಕು ಸಿಮೆಂಟ್ ಇಟ್ಟಿಗೆ ತಂದರು. ಬಚ್ಚಿ, ಅಂದರೆ ಪುಟ್ಟ ಹುಡುಗಿ, ನಾನೇ. ಆ ಇಟ್ಟಿಗೆಗಳ ಮೇಲೆ ಮಂಚ ಏರಿ ಕೂತಿತು, ಸೂಟ್‌ಕೇಸುಗಳು ಅಡಿಗೆ ಹೋದವು. ರಾತ್ರಿ ನಮ್ಮವರು ಮಂಚ ಹತ್ತಲು ಹೋಗಿ ಎಡವಿ ಬಿದ್ದರು. ಜಾಗ ಮಾತ್ರ ಆಯಿತು.

ಆದರೆ ವಾರಿಜಕ್ಕನ ಸ್ವಂತ ಕಪಾಟಿನಲ್ಲಿ ಒಂದು ವಿಚಿತ್ರವಿತ್ತು. ಕೆಳಗಿನ ಖಾನೆಗಳಲ್ಲಿ ಇರುವೆ ನುಗ್ಗಲೂ ಸಂದಿಲ್ಲ. ಗಂಡ ಹೆಂಡತಿ ಇಬ್ಬರ ಬಟ್ಟೆ, ಔಷಧ, ಇಸ್ತ್ರಿ ಪೆಟ್ಟಿಗೆ, ಕೊನೆಗೆ ಬೇಳೆಯ ಡಬ್ಬ ಕೂಡ ಅಲ್ಲೇ. ಮೇಲಿನ ದೊಡ್ಡ ಖಾನೆ ಮಾತ್ರ ಬೇರೆ. ಅದಕ್ಕೆ ಅವರು ಇಟ್ಟ ಹೆಸರು ಊರಿನ ಖಾನೆ. ರೂವಿಯ ಅಂಗಡಿಗಳಲ್ಲಿ ಸೇಲ್ ಬಿದ್ದಾಗಲೆಲ್ಲ ತಂದ ಸೋಪು, ಸೆಂಟಿನ ಬಾಟಲಿ, ಮೆತ್ತನೆಯ ಕಂಬಳಿ ಎಲ್ಲ ಅದರೊಳಗೆ ಹೋಗುತ್ತಿತ್ತು. ಊರಿಗೆ ಹೋಗುವವರೆಗೆ ಯಾರೂ ಅದನ್ನು ಮುಟ್ಟುವಂತಿಲ್ಲ. ಗಲ್ಫಿನ ಎಷ್ಟೋ ಮನೆಗಳಲ್ಲಿ ಇಂಥ ಒಂದು ಜಾಗ ಇರುತ್ತದೆ, ಸುಳ್ಳೇಕೆ, ಈಗ ನಮ್ಮಲ್ಲೂ ಇದೆ. ಇಲ್ಲಿ ಹಳೆಯದರಲ್ಲಿ ಬದುಕುವುದು, ಒಳ್ಳೆಯದನ್ನು ಊರಿಗೆ ಎತ್ತಿಡುವುದು.

ವಾರಿಜಕ್ಕನ ಆ ಖಾನೆಯಲ್ಲಿ ಹೆಚ್ಚಿಗೆ ಇದ್ದದ್ದು ಶೇಖರಣ್ಣನ ಅಂಗಿಗಳು. ಪ್ಲಾಸ್ಟಿಕ್ಕಿನ ಕವರು, ಕಾಲರಿನೊಳಗೆ ರಟ್ಟು, ಪಿನ್ನು, ಎಲ್ಲ ಅಂಗಡಿಯಲ್ಲಿ ಇದ್ದ ಹಾಗೇ. ಶೇಖರಣ್ಣ ಬಿಡಿಭಾಗಗಳ ಕಂಪನಿಯೊಂದರಲ್ಲಿ ಸ್ಟೋರ್‌ಕೀಪರ್. ಕೆಲಸಕ್ಕೆ ಹಾಕುತ್ತಿದ್ದ ಅಂಗಿಗಳು ಮೊಣಕೈ ಹತ್ತಿರ ತೆಳ್ಳಗಾಗಿ ಚರ್ಮ ಕಾಣುತ್ತಿತ್ತು. ತುಂಬ ಸಾಧು ಮನುಷ್ಯ. ಒಂದು ಕೃಷ್ಣಾಷ್ಟಮಿಯ ದಿನ, ನಾವೆಲ್ಲ ದೇವಸ್ಥಾನಕ್ಕೆ ಹೊರಟು ನಿಂತಾಗ, ಹಾಲ್‌ನಿಂದಲೇ ಕೇಳಿದರು.

"ವಾರಿಜಾ, ಇವತ್ತು ಆ ನೀಲಿ ಅಂಗಿ ಹಾಕ್ಲಾ?"

"ಇತ್ತೆ ಬೊಡ್ಚಿ" ಎಂದರು ಒಳಗಿನಿಂದ ವಾರಿಜಕ್ಕ. ತುಳುವಿನಲ್ಲಿ ಹಾಗೆಂದರೆ ಈಗ ಬೇಡ ಎಂದು. ಆ ಮನೆಯಲ್ಲಿ ನಾನು ಮೊದಲು ಕಲಿತ ತುಳು ಅದೇ, ಅಷ್ಟು ಸಲ ಕೇಳಿದ್ದೆ. "ಇಲ್ಲಿ ನಿಮ್ಮನ್ನು ನೋಡ್ಲಿಕ್ಕೆ ಯಾರು ಕಾಯ್ತಾ ಇದ್ದಾರೆ? ಊರಲ್ಲಿ ಹಾಕುವ."

ಶೇಖರಣ್ಣ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. "ನೋಡಮ್ಮ, ನನ್ನ ಅಂಗಿಗೆ ನನಗಿಂತ ಮೊದಲು ರಿಟೈರ್‌ಮೆಂಟ್" ಎಂದು ನಕ್ಕು, ಮಾಸಿದ ಬಿಳಿ ಅಂಗಿಯ ತೋಳು ಮಡಿಸಿಕೊಂಡು ಹೊರಟರು.

ನನಗೆ ತಡೆಯಲಾಗಲಿಲ್ಲ. ವಾಪಸು ಬಂದಮೇಲೆ ಅಡುಗೆಮನೆಯಲ್ಲಿ, "ಏನಕ್ಕಾ ನೀವು, ಹಬ್ಬದ ದಿನಾನೂ ಒಂದು ಅಂಗಿ ಕೊಡ್ಬಾರ್ದಾ? ಪಾಪ, ಆಸೆಯಿಂದ ಕೇಳಿದ್ರು" ಎಂದೆ.

ವಾರಿಜಕ್ಕ ಸಿಟ್ಟಾಗಲಿಲ್ಲ. ತೆಂಗಿನಕಾಯಿ ತುರಿಯುತ್ತ ಹೇಳಿದರು. "ನಿನಗೆ ಗೊತ್ತಿಲ್ಲ ಸೌಮ್ಯಾ. ಮೊದಲ ಸಲ ಇವರು ರಜೆಯಲ್ಲಿ ಊರಿಗೆ ಬಂದಾಗ ಹೀಗೇ ಬಣ್ಣ ಹೋದ ಅಂಗಿ. ನನ್ನ ಚಿಕ್ಕಪ್ಪ ಎಲ್ಲರ ಎದುರು, 'ಇದು ಗಲ್ಫಿನವನಾ, ಗದ್ದೆಯವನಾ?' ಅಂತ ಕೇಳಿದ್ರು. ಇವರು ನಗಾಡಿ ಬಿಟ್ರು, ನನಗೆ ಅನ್ನ ಗಂಟಲಲ್ಲಿ ಇಳೀಲಿಲ್ಲ. ಊರವರು ಮೊದಲು ಅಂಗಿ ನೋಡ್ತಾರೆ, ಆಮೇಲೆ ಮುಖ. ಅಲ್ಲಿಂದ ಪ್ರತಿ ಸಲ ಹೊಸತು ತಗೊಂಡು ಹೋದದ್ದೇ. ಆದ್ರೆ ಅವನು ಚಂದ ಉಂಟು ಅಂತಾನೆ, ಇವನು ಚಂದ ಉಂಟು ಅಂತಾನೆ, ಇವರು ಕೊಟ್ಟು ಕೊಟ್ಟು ಪುನಃ ಹಳೇದ್ರಲ್ಲೇ ವಿಮಾನ ಹತ್ತುದು. ಈ ಸಲದ್ದು ಯಾರಿಗೂ ಇಲ್ಲ. ಕ್ಯಾನ್ಸಲ್ ಮಾಡಿ ಹೋಗುವಾಗ, ಇವರಿಗೇ."

ಕ್ಯಾನ್ಸಲ್ ಮಾಡುವುದು ಎಂದರೆ ವೀಸಾ ಬಿಟ್ಟು ಪೂರ್ತಿಯಾಗಿ ಊರಿಗೆ ಹೊರಟುಬಿಡುವುದು. ಅವರಿಗೆ ಮಕ್ಕಳಿರಲಿಲ್ಲ. ಸುರತ್ಕಲ್ಲಿನಲ್ಲಿ ಸಣ್ಣದೊಂದು ಫ್ಲ್ಯಾಟು ತೆಗೆದುಕೊಂಡಿದ್ದರು. ಅದರ ಮಲಗುವ ಕೋಣೆಯಲ್ಲಿ ಒಂದು ಇಡೀ ಗೋಡೆಗೆ ಕಪಾಟು ಮಾಡಿಸಿದ್ದರು. ಫೋನಿನಲ್ಲಿ ಅದರ ಫೋಟೋ ನನಗೆ ಎಷ್ಟು ಸಲ ತೋರಿಸಿದ್ದಾರೋ! "ಇಲ್ಲಿಂದ ಅಲ್ಲಿವರೆಗೆ ನೋಡು. ಎಲ್ಲ ಅಂಗಿ ನೇತಾಡಿಸುದು. ಒಂದನ್ನೂ ಮಡಚ್ಲಿಕ್ಕಿಲ್ಲ. ದಿನಾ ಬೆಳಿಗ್ಗೆ ಇವರು ಎದುರು ನಿಂತು, ಯಾವುದು ಹಾಕುದು ಅಂತ ಯೋಚನೆ ಮಾಡ್ಬೇಕು" ಎನ್ನುತ್ತಿದ್ದರು. ಕಂಡವರ ಕಪಾಟಿನ ಬಟ್ಟೆಗಳನ್ನೆಲ್ಲ ಮಡಿಸಿ ಮಡಿಸಿ ಇಟ್ಟ ಹೆಂಗಸಿಗೆ ಇದ್ದ ದೊಡ್ಡ ಆಸೆ ಅದೊಂದೇ, ಮಡಿಸದೆ ಇರುವುದು.

ಅಂಗಿ ತರುವಾಗಲೂ ಶೇಖರಣ್ಣನನ್ನು ಕರೆದುಕೊಂಡು ಹೋಗುತ್ತಿರಲಿಲ್ಲ. ತಂದದ್ದನ್ನು ಹಾಕಿ ನೋಡಲೂ ಬಿಡುತ್ತಿರಲಿಲ್ಲ. "ಪಿನ್ ತೆಗೆದ್ರೆ ಹೊಸತು ಹೋಯ್ತು" ಎಂದು ನೇರ ಮೇಲಕ್ಕೆ ಏರಿಸಿಬಿಡುವರು. ಹೀಗೆ ವರ್ಷಗಳು ಹೋದವು. ನನಗೆ ಮಗಳು ಹುಟ್ಟಿ, ಅವಳ ಬಟ್ಟೆಗೂ ವಾರಿಜಕ್ಕ ನಮ್ಮ ಅದೇ ಕಪಾಟಿನಲ್ಲಿ ಎಲ್ಲಿಂದಲೋ ಜಾಗ ಹುಟ್ಟಿಸಿ ಕೊಟ್ಟರು. ಮುಂದಿನ ವರ್ಷ, ಮುಂದಿನ ವರ್ಷ ಎಂದು ಅವರ ಕ್ಯಾನ್ಸಲ್ ಮಾತ್ರ ಮುಂದೆ ಹೋಗುತ್ತಿತ್ತು.

ಹೋದ ಬೇಸಿಗೆಯಲ್ಲಿ, ಒಂದು ದಿನ ಮಧ್ಯಾಹ್ನ, ನಮ್ಮವರಿಗೆ ಶೇಖರಣ್ಣನ ಕಂಪನಿಯಿಂದ ಫೋನು ಬಂತು. ಗೋಡೌನಿನಲ್ಲಿ ಕೂತವರು ಹಾಗೇ ಪಕ್ಕಕ್ಕೆ ವಾಲಿದರಂತೆ. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೃದಯ ನಿಂತುಹೋಗಿತ್ತು.

ಇಂಥ ಹೊತ್ತಿನಲ್ಲಿ ಕಾಗದಪತ್ರಕ್ಕೆಲ್ಲ ಓಡಾಡಿಕೊಡುವ ಪುಣ್ಯಾತ್ಮರೊಬ್ಬರು ನಮ್ಮ ಕಡೆಯವರಲ್ಲಿ ಇದ್ದಾರೆ. ಶರೀರವನ್ನು ಊರಿಗೆ ಕಳಿಸುವ ವ್ಯವಸ್ಥೆ ಅವರೇ ಮಾಡಿದರು. "ಒಂದು ಜೊತೆ ಬಟ್ಟೆ ಬೇಕಿತ್ತಮ್ಮ, ಒಳ್ಳೇದು" ಎಂದು ನನಗೆ ಫೋನ್ ಮಾಡಿದರು. ನಾನು ವಾರಿಜಕ್ಕನಿಗೆ ಹೇಗೆ ಹೇಳುವುದೆಂದು ತಿಳಿಯದೆ, ಅವರ ಕೋಣೆಯ ಕೊಕ್ಕೆಯಲ್ಲಿದ್ದ ಇಸ್ತ್ರಿಯಾದ ಬಿಳಿ ಅಂಗಿಗೆ ಕೈ ಹಾಕಿದೆ.

"ಅದಲ್ಲ" ಎಂದರು ವಾರಿಜಕ್ಕ.

ಎದ್ದು, ಸ್ಟೂಲು ಎಳೆದು, ಹತ್ತಿದರು. ಹಿಡಿಯಲು ಹೋದರೆ ನನ್ನ ಕೈ ಸರಿಸಿದರು. ಊರಿನ ಖಾನೆಯಿಂದ ಆ ನೀಲಿ ಅಂಗಿಯನ್ನು ಇಳಿಸಿ ಮಂಚದ ಮೇಲಿಟ್ಟು ಕವರು ಹರಿದರು. ಒಂದೊಂದೇ ಪಿನ್ನು ತೆಗೆದು, ಎಂದಿನ ಹಾಗೆ ಸೆರಗಿನ ಅಂಚಿಗೆ ಚುಚ್ಚಿಕೊಂಡರು. ಆ ಹೊತ್ತಿನಲ್ಲೂ ಪಿನ್ನು ಬಿಸಾಡಬೇಕೆಂದು ಅವರ ಕೈಗೆ ಅನ್ನಿಸಲಿಲ್ಲ. ಕಾಲರಿನ ರಟ್ಟು ತೆಗೆದರು. ಅಂಗಿಯನ್ನು ಕೊಡವಿ ಬಿಡಿಸಿದಾಗ ಮಡಿಕೆಯ ಗೆರೆಗಳು ಹಾಗೇ ಉಳಿದಿದ್ದವು, ಅಂಗೈಯಿಂದ ಉಜ್ಜಿ ಉಜ್ಜಿ ನೋಡಿದರು.

"ಊರಿಗೆ ಅಂತ ಇಟ್ಟದ್ದಲ್ವಾ ಸೌಮ್ಯಾ. ಊರಿಗೇ ಹೋಗ್ತಾ ಉಂಟು" ಎಂದರು. ಆಮೇಲೆ ಆ ಅಂಗಿಯ ಮೇಲೆ ಕುಸಿದು, "ಎಷ್ಟು ಸಲ ಕೇಳಿದ್ರು ಮಾರಾಯ್ತಿ! ಮಕ್ಕಳು ಕೇಳಿದ ಹಾಗೆ ಕೇಳಿದ್ರು. ನಾನು ಕೊಡ್ಲಿಲ್ಲ, ನಾನು ಕೊಡ್ಲಿಲ್ಲ" ಎಂದು ಎದೆ ಬಡಿದುಕೊಂಡು ಅತ್ತರು. ನನ್ನ ಜೀವಮಾನದಲ್ಲಿ ಅಂಥ ಅಳು ನಾನು ಕೇಳಿಲ್ಲ. ಅವರನ್ನು ತಬ್ಬಿಕೊಂಡು ನಾನೂ ಅತ್ತೆ.

ಗಂಡನ ವೀಸಾದ ಮೇಲೆ ಇದ್ದವರು, ಇನ್ನು ಇಲ್ಲಿ ಅವರಿಗೇನು ಕೆಲಸ? ಶರೀರ ಹೋದ ಅದೇ ವಿಮಾನದಲ್ಲಿ ಅವರೂ ಹೊರಟರು. ಬೇರೆಯವರ ಸೂಟ್‌ಕೇಸಿಗೆ ಅರ್ಧ ಸಂಸಾರ ಹಿಡಿಸುತ್ತಿದ್ದವರು ತಮಗೆ ಎಂದು ಒಂದು ಕೈಚೀಲ ಹಿಡಿದಿದ್ದರು. ಏರ್‌ಪೋರ್ಟಿನಲ್ಲಿ ಒಳಗೆ ಹೋಗುವ ಮೊದಲು ನನ್ನ ಮಗಳ ತಲೆ ಸವರಿ, ನನಗೆ ಹೇಳಿದರು: "ಮೇಲೆ ಉಳಿದ ಅಂಗಿ ಎಲ್ಲ ಕೊಟ್ಟುಬಿಡು. ತೆಗೆದು ಇಡುವವರಿಗೆ ಕೊಡ್ಬೇಡ. ಹಾಕುವವರಿಗೆ ಕೊಡು." ನಾನು ಅವರನ್ನು ಕಂಡದ್ದು ಅದೇ ಕೊನೆ.

ಹಾಗೇ ಮಾಡಿದೆ. ಬಿಲ್ಡಿಂಗಿನ ಬಾಂಗ್ಲಾದೇಶದ ವಾಚ್‌ಮನ್‌ಗೆ, ಕೆಳಗಿನ ಅಂಗಡಿಯ ಮಲಯಾಳಿಗೆ, ಎದುರು ಫ್ಲ್ಯಾಟಿನ ಡ್ರೈವರಿಗೆ, "ಇವತ್ತೇ ಹಾಕ್ಕೋಬೇಕು" ಎಂದು ಜೋರು ಮಾಡಿಯೇ ಕೊಟ್ಟೆ. ಒಂದನ್ನು ನಮ್ಮವರು ಇಟ್ಟುಕೊಂಡರು. ವಾರಿಜಕ್ಕನ ಕೋಣೆಗೆ ಬೇರೆ ಸಂಸಾರ ಬಂತು. ಒಳ್ಳೆಯ ಜನವೇ. ಆದರೆ ನನ್ನ ಕಪಾಟಿನ ಬಾಗಿಲನ್ನು ಈಗ ನನ್ನ ಬಿಟ್ಟು ಯಾರೂ ತೆಗೆಯುವುದಿಲ್ಲ, ಅದು ಮತ್ತೆ ಕಕ್ಕುವ ಸ್ಥಿತಿಗೆ ಬಂದಿದೆ.

ಸುಮಾರು ದಿನಗಳ ಮೇಲೆ ಒಂದು ಶುಕ್ರವಾರ ಬೆಳಿಗ್ಗೆ ವಾರಿಜಕ್ಕನ ಫೋನು ಬಂತು. ಊಟ, ಮಗಳ ಶಾಲೆ ಎಲ್ಲ ಕೇಳಿದ ಮೇಲೆ, "ಅಂಗಿ ಕೊಟ್ಟಾಯ್ತಾ? ಹಾಕ್ತಾರಾ ಅವರು?" ಎಂದರು.

"ಹಾಕ್ತಾರಕ್ಕ. ವಾಚ್‌ಮನ್‌ಗೆ ತೋಳು ಉದ್ದ, ಮಡಿಸಿಕೊಂಡು ಹಾಕ್ತಾನೆ. ಅಂಗಡಿಯವನಿಗೆ ಹೊಟ್ಟೆ ಹತ್ರ ಗುಂಡಿ ಹಾಕಕ್ಕೆ ಬರಲ್ಲ, ಬಿಟ್ಕೊಂಡೇ ಓಡಾಡ್ತಾನೆ" ಎಂದೆ.

ನಕ್ಕರು. ಅವರ ನಗು ಕೇಳಿ ಎಷ್ಟು ದಿನವಾಗಿತ್ತು! ಆಮೇಲೆ ನಗು ನಿಂತಿತು.

"ಮೈ ಸೆಟೆದು ನೀಲಿಯದ್ದನ್ನು ತೊಡಿಸ್ಲಿಕ್ಕೆ ಆಗ್ಲಿಲ್ಲಂತೆ ಸೌಮ್ಯಾ. ಬಿಳಿ ಬಟ್ಟೆ ಸುತ್ತಿ ಅದನ್ನು ಮೇಲಿಂದ ಹೊದಿಸಿದ್ದು. ನಾನು ಅಳತೆ ಕಣ್ಣಂದಾಜಿನಲ್ಲಿ ತಂದದ್ದು, ಒಂದನ್ನೂ ಹಾಕಿ ನೋಡ್ಲಿಕ್ಕೆ ಬಿಡ್ಲಿಲ್ಲ. ಇವರಿಗೆ ಸರಿ ಆಗ್ತಿತ್ತಾ ಅದು?"

ನನಗೇನು ಗೊತ್ತು? ಆ ಅಂಗಿಯಲ್ಲಿ ಶೇಖರಣ್ಣನನ್ನು ಈ ಲೋಕದಲ್ಲಿ ಯಾರೂ ನೋಡಿಲ್ಲ.

"ಆಗ್ತಿತ್ತಕ್ಕ. ಭುಜದ ಹತ್ರ ಹೇಳಿ ಹೊಲಿಸಿದ ಹಾಗೆ ಕೂತಿರೋದು. ತುಂಬ ಚೆನ್ನಾಗಿ ಕಾಣ್ತಿದ್ರು" ಎಂದೆ.

 

"ಹೌದಾ?" ಎಂದರು. "ಇನ್ನೊಂದು ಸಲ ಹೇಳು."

ನಾನು ಇನ್ನೊಂದು ಸಲ ಹೇಳಿದೆ.