ಎಣ್ಣೆ ಮೆತ್ತಿದ ಹಳದಿ ಕಾರ್ಡು

ಕೆನಡಾದ ಥಾರ್ನ್‌ಹಿಲ್‌ನ ಒಂದು ಮನೆಯ ಬೇಸ್‌ಮೆಂಟಿನಲ್ಲಿ, ಕಳೆದ ತಿಂಗಳು, ಮೂವತ್ತು ಜನ ಕನ್ನಡದವರ ಮುಂದೆ ನಿಂತು ನಾನು ಕಕ್ಕಸಿನ ಕಥೆ ಹೇಳಿದೆ. ಊಟಕ್ಕೆ ಮುಂಚೆ ಹೇಳುವಂಥದ್ದಲ್ಲ, ಆದರೆ ಅವರಿಗೆ ಅದೇ ಬೇಕಿತ್ತು. "ಡಾಕ್ಟ್ರೇ, ಆ ಆಫ್ರಿಕಾ ಬಾರ್ಡರ್ ಟಾಯ್ಲೆಟ್ ಸ್ಟೋರಿ ಹೇಳಿ, ಇವ್ರೆಲ್ಲ ಇನ್ನೂ ಕೇಳಿಲ್ಲ," ಎಂದು ಮನೆಯಾಕೆ ಬಿಸಿಬೇಳೆಬಾತಿನ ಪಾತ್ರೆಗೆ ಮುಚ್ಚಳ ಹಾಕುತ್ತ ಕೂಗಿದಳು. ಎರಡು ವರ್ಷದಿಂದ ಇದೇ ಪಾಡು. ಮೂವತ್ತೈದು ವರ್ಷ ಜಾರ್ಜ್‌ಟೌನಿನಲ್ಲಿ ಜನರ ಗಂಟಲು, ಕಿವಿ, ಹೊಟ್ಟೆ ನೋಡಿದವಳನ್ನು ಈ ಜನ ಈಗ ನೆನಪಿಟ್ಟುಕೊಂಡಿರುವುದು ಒಂದು ಕಕ್ಕಸಿನಿಂದ.

ರಿಟೈರ್ ಆದ ಮೇಲೆ ಬೆನ್ನಿಗೊಂದು ಚೀಲ ಹಾಕಿಕೊಂಡು ನಾನೊಬ್ಬಳೇ ಆಫ್ರಿಕಾದ ಪೂರ್ವದ ಕಡೆ ಬಸ್ಸಿನಲ್ಲಿ ಊರೂರು ತಿರುಗಿದ್ದೆ. ಟೂರ್ ಕಂಪನಿ ಇಲ್ಲ, ಗೈಡ್ ಇಲ್ಲ. ನನ್ನ ವಾರಿಗೆಯವರು ಕ್ರೂಸ್ ಹಡಗಿನಲ್ಲಿ ಮೂರು ಹೊತ್ತು ಬಫೆ ತಿಂದು ಬರುವಾಗ ನಾನು ಒಂದು ದೇಶದಿಂದ ಇನ್ನೊಂದಕ್ಕೆ ನಡೆದುಕೊಂಡು ಹೋಗಿದ್ದೆ. ಅದರ ಜಂಬ ನನಗಿದೆ. ಇಲ್ಲ ಎಂದರೆ ಸುಳ್ಳಾಗುತ್ತದೆ.

ಗಡಿ ಯಾವುದು ಎಂದು ಹೇಳುವುದಿಲ್ಲ. ಅಲ್ಲಿನವರ ತಪ್ಪು ಇದರಲ್ಲಿ ಏನೂ ಇಲ್ಲ. ಬೇಸ್‌ಮೆಂಟಿನಲ್ಲಿ ಮಾತ್ರ ಆ ಊರೇ ನಾರುತ್ತಿತ್ತು ಎನ್ನುವ ಹಾಗೆ ಅಭಿನಯ ಮಾಡಿ ತೋರಿಸಿದೆ. ಆ ತಗಡಿನ ಕಕ್ಕಸಿಗೆ ಬಾಗಿಲಿರಲಿಲ್ಲ, ಗುಂಡಿ ತುಂಬಿ ಮೇಲಕ್ಕೆ ಬಂದಿತ್ತು, ನೊಣಗಳ ಸದ್ದಿಗೆ ತಲೆ ತಿರುಗುತ್ತಿತ್ತು. ಬೆಳಗಿನಿಂದ ತಡೆದುಕೊಂಡಿದ್ದ ನಾನು ಮೂಗಿಗೆ ಕರ್ಚೀಫು ಕಟ್ಟಿ, ಎರಡು ಕೈಯಲ್ಲೂ ಪ್ಯಾಂಟು ಎತ್ತಿ ಹಿಡಿದು ಒಳಗೆ ಹೋಗಿದ್ದೆ. ಅದನ್ನು ಮಾಡಿ ತೋರಿಸಿದಾಗ ಸೋಫಾದ ಮೇಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಆಮೇಲೆ ಯಾರೋ ಲೋಕಲ್ ಹೆಂಗಸು ತನ್ನ ಬಟ್ಟೇನೇ ಬಾಗಿಲ ಥರ ಅಡ್ಡ ಹಿಡಿದಳು," ಎಂದೆ. ಪಾಪ, ಎಷ್ಟು ಒಳ್ಳೇವಳು ಎಂದರು.

ಧಾರವಾಡ ಕಡೆಯ ಒಬ್ಬ ಹಿರಿಯರು, ನನ್ನ ಹಾಗೇ ರಿಟೈರ್ ಆದ ಇಂಜಿನಿಯರು, ಕೇಳಿದರು. "ಅಲ್ಲೆ ನಮ್ಮ ಮಂದಿ ಯಾರರ ಸಿಕ್ಕಿದ್ರೇನ್ರೀ ಡಾಕ್ಟರ್ರ, ಕನ್ನಡದವ್ರು?"

"ಇಲ್ಲ," ಎಂದೆ.

"ಸಿಕ್ಕಿದ್ರ ಭಾಳ ಛಲೋ ಆಗ್ತಿತ್ತು," ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ತಟ್ಟೆಗೆ ಬಡಿಸಿಕೊಂಡೆ. ಬಾತಿನ ಮೇಲೆ ತುಪ್ಪ ಹರಿಯುವುದನ್ನು ನೋಡಿ ತಟ್ಟೆ ಕೆಳಗಿಟ್ಟೆ. ಶುಗರ್ ನೆಪ ಹೇಳಿ ಹೊರಟುಬಿಟ್ಟೆ. ಕಾರಿನಲ್ಲಿ ಜಾರ್ಜ್‌ಟೌನ್ ಮುಟ್ಟುವವರೆಗೂ ಥೂ ನಿನ್ನ ಬಾಯಿಗಿಷ್ಟು ಎಂದು ನನಗೆ ನಾನೇ ಬೈದುಕೊಂಡೆ.

ಬಟ್ಟೆ ಅಡ್ಡ ಹಿಡಿದವಳು ಲೋಕಲ್ ಅಲ್ಲ. ಹುಣಸೂರು ಕಡೆಯ ಹಕ್ಕಿಪಿಕ್ಕಿ ಹೆಂಗಸು. ಅವರಲ್ಲಿ ಎಷ್ಟೋ ಜನ ತಲೆಗೂದಲಿನ ಎಣ್ಣೆ, ಗಿಡಮೂಲಿಕೆ ಮಾರಲು ಆಫ್ರಿಕಾಕ್ಕೆ ಹೋಗುತ್ತಾರೆ, ಆರೆಂಟು ತಿಂಗಳು ಇದ್ದು ವಾಪಸ್ ಬರುತ್ತಾರೆ. ನಾನು ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಅವರು ನಮ್ಮ ಬೀದಿಗೆ ಪಿನ್ನು, ಬಾಚಣಿಗೆ ತಂದರೆ ನಮ್ಮಮ್ಮ ಗೇಟಿನಾಚೆಯೇ ನಿಲ್ಲಿಸುತ್ತಿದ್ದರು. ಕೊಂಡ ಪಿನ್ನುಗಳನ್ನು ನಲ್ಲಿಯ ಕೆಳಗೆ ತೊಳೆದೇ ಒಳಗೆ ತರುತ್ತಿದ್ದರು. ನಲ್ಲಿ ತಿರುಗಿಸುತ್ತಿದ್ದವಳು ನಾನು.

ಆವತ್ತು ಗಡಿಗೆ ಹೋಗುವ ಬಸ್ಸಿನಲ್ಲಿ ಅವಳು ಆರು ಗಂಟೆ ನನ್ನ ಪಕ್ಕ ಕೂತಿದ್ದಳು. ಕಾಲ ಬಳಿ ಎರಡು ಎಣ್ಣೆ ಕ್ಯಾನು, ತೊಡೆಯ ಮೇಲೆ ಬಟ್ಟೆಗಂಟು. ಒಂದು ಕ್ಯಾನು ಸೋರುತ್ತಿತ್ತು. ಆ ಎಣ್ಣೆಯ ವಾಸನೆ, ಬೆವರು, ಬಸ್ಸಿನ ಹೊಗೆ ಎಲ್ಲ ಸೇರಿ ನನಗೆ ಗಂಟಲಲ್ಲಿ ಹುಳಿ ಬರುತ್ತಿತ್ತು. ಹೊರಟು ಐದು ನಿಮಿಷಕ್ಕೆ ಅವಳು ನನ್ನ ಮುಖ ನೋಡಿ ಕೇಳಿದಳು.

"ಅಮ್ಮಾ, ನೀವು ಕನ್ನಡದೋರಾ?"

"ಸಾರಿ. ಐ ಆಮ್ ಫ್ರಮ್ ಕೆನಡಾ," ಎಂದು ಕಿಟಕಿಯ ಕಡೆ ತಿರುಗಿದೆ.

ಯಾಕೆ ಹಾಗೆಂದೆ? ಮಾತಿಗೆ ಸಿಕ್ಕರೆ ಅಂಟಿಕೊಳ್ಳುತ್ತಾಳೆ, ಏನಾದರೂ ಕೇಳುತ್ತಾಳೆ ಎಂದು. ಬೇರೆ ದೊಡ್ಡ ಕಾರಣ ಇದ್ದಿದ್ದರೆ ನನಗೂ ಸ್ವಲ್ಪ ಮರ್ಯಾದೆ ಉಳಿಯುತ್ತಿತ್ತು.

ಅವಳು ಮುಂದಿನ ಸೀಟಿನ ಹೆಂಗಸಿನ ಜೊತೆ ಮಾತಿಗಿಳಿದಳು, ಅರ್ಧ ಅಲ್ಲಿನ ಭಾಷೆ, ಅರ್ಧ ಮುರುಕಲು ಇಂಗ್ಲಿಷ್. ಹುಣಸೂರಿನವಳೆಂದು ಗೊತ್ತಾದದ್ದು ಆಗಲೇ. ಗಂಡ ವ್ಯಾಪಾರಕ್ಕೆಂದು ಮುಂಚೆಯೇ ಗಡಿಯಾಚೆ ಹೋಗಿದ್ದ. ಮೂರು ದಿನದಿಂದ ಅಲ್ಲಿ ಆಸ್ಪತ್ರೆಯಲ್ಲಿ ಇದ್ದಾನೆ, ಮಲೇರಿಯಾ ತಲೆಗೇರಿದೆ, ಗುರುತು ಹಿಡಿಯುತ್ತಿಲ್ಲ, ಹತ್ತಿರ ಯಾರೂ ಇಲ್ಲ. ಬಾಯಿಗೆ ನೀರು ಹಾಕುವುದಕ್ಕಾದರೂ ತಾನು ಸಂಜೆಯೊಳಗೆ ಹೋಗಬೇಕು. ಮಲೇರಿಯಾ ತಲೆಗೇರಿ ಮೂರು ದಿನ ಎಂದರೆ ಏನೆಂದು ಆ ಬಸ್ಸಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ನಾನು. ಕಿಟಕಿಯಾಚೆ ಜೋಳದ ಹೊಲ ನೋಡುತ್ತ ಕೂತೆ.

ಬಸ್ಸಿಳಿದು ನಾನು ಆ ಬಾಗಿಲಿಲ್ಲದ ಕಕ್ಕಸಿನ ಮುಂದೆ ಒದ್ದಾಡುತ್ತಿದ್ದಾಗ ಅವಳೇ ಬಂದು, ಗಂಟಿನಿಂದ ಒಂದು ಸೀರೆ ಎಳೆದು ಅಡ್ಡ ಹಿಡಿದಳು. ಬೆನ್ನು ತಿರುಗಿಸಿ ನಿಂತಳು. ಒಳಗೆ ಕಾಲಿಟ್ಟದ್ದೇ ನನ್ನ ಬಾಯಿಂದ ತಾನಾಗಿ ಬಂತು: "ಥೂ, ಏನು ಹೊಲಸಪ್ಪಾ ಇದು."

ಸೀರೆಯಾಚೆಯಿಂದ ಅವಳು, "ನೀರು ಬೇಕಾ ಅಮ್ಮಾ?" ಎಂದಳು.

ಹೊರಗೆ ಬಂದು "ಥ್ಯಾಂಕ್ ಯೂ" ಎಂದು, ಮೊಣಕೈವರೆಗೂ ಸ್ಯಾನಿಟೈಸರ್ ತಿಕ್ಕಿಕೊಂಡೆ.

ಗಡಿಯ ಆಫೀಸಿನಲ್ಲಿ ಮೊದಲು ಆರೋಗ್ಯದವರ ಮೇಜು. ಹಳದಿ ಜ್ವರದ ಲಸಿಕೆಯ ಕಾರ್ಡು ತೋರಿಸದೆ ಮುಂದಕ್ಕೆ ಬಿಡುವುದಿಲ್ಲ. ಮೇಜಿನ ಹಿಂದಿದ್ದ ಅಧಿಕಾರಿ ಇಸ್ತ್ರಿ ಮಾಡಿದ ಬಿಳಿ ಷರ್ಟಿನ, ಮೆತ್ತಗೆ ಮಾತಾಡುವ ಮನುಷ್ಯ. ಸಾಲಿನಲ್ಲಿ ಅವಳು ನನ್ನ ಮುಂದೆ. ಅವಳ ಕಾರ್ಡು ಅರ್ಧಕ್ಕರ್ಧ ಎಣ್ಣೆಯಲ್ಲಿ ನೆನೆದುಹೋಗಿತ್ತು. ಸೀಲು ಹರಡಿತ್ತು, ಸಹಿ ನೀಲಿ ಕಲೆಯಾಗಿತ್ತು. ಇದು ಅಸಲಿಯೋ ಅಲ್ಲವೋ ನನಗೆ ಹೇಗೆ ಗೊತ್ತಾಗಬೇಕು ಎಂದು ಅವರು ಬೇಸರದಿಂದಲೇ ಕೇಳಿದರು. ಆಸ್ಪತ್ರೆ, ನನ್ನ ಗಂಡ, ಎಂದಷ್ಟೇ ಅವಳು ಇಂಗ್ಲಿಷಿನಲ್ಲಿ ಮತ್ತೆ ಮತ್ತೆ ಹೇಳಿದಳು.

ಅಷ್ಟರಲ್ಲಿ ಅವರ ಕಣ್ಣು ನಾನು ಮೇಜಿನ ಮೇಲೆ ಇಟ್ಟಿದ್ದ ಫಾರ್ಮಿನ ಮೇಲೆ ಬಿತ್ತು. ವೃತ್ತಿ: ಡಾಕ್ಟರ್. ಹುಟ್ಟಿದ ಊರು: ಮೈಸೂರು. ಡಾಕ್ಟರ್ ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದೆ, ಎಲ್ಲಿ ಹೋದರೂ ಬರೆಯುತ್ತೇನೆ. ಅವರಿಗೆ ಮುಖವೇ ಅರಳಿತು. "ಡಾಕ್ಟರ್, ನೀವೂ ಅದೇ ದೇಶದವರು. ಒಂದು ಸಲ ನೋಡಿ ಹೇಳಿ, ಇದು ಸರಿಯಾಗಿದೆ ಎಂದರೆ ನನಗೆ ಸಾಕು," ಎಂದು ಕಾರ್ಡನ್ನು ನನ್ನ ಕಡೆ ಚಾಚಿದರು.

ನಿಂತಲ್ಲಿಂದಲೇ ಕಾಣುತ್ತಿತ್ತು. ತಾರೀಖು, ಲಸಿಕೆಯ ಬ್ಯಾಚ್ ನಂಬರು, ಬೆಂಗಳೂರಿನ ಕೇಂದ್ರದ ಹೆಸರು, ಯಾವುದಕ್ಕೂ ಎಣ್ಣೆ ತಾಗಿರಲಿಲ್ಲ. ಅಂಥ ಕಾರ್ಡುಗಳನ್ನು ನಾನು ಎಷ್ಟು ನೋಡಿದ್ದೇನೋ. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಅದರ ಅಂಚಿಗೆ ಕೂದಲು ಅಂಟಿಕೊಂಡಿತ್ತು, ಎಣ್ಣೆ ಜಿನುಗುತ್ತಿತ್ತು, ನನ್ನ ಕೈ ಮುಂದಕ್ಕೆ ಹೋಗಲಿಲ್ಲ. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ನನಗೆ ಹೇಳಲು ಆಗುವುದಿಲ್ಲ, ನಾನು ಕೆನಡಾದವಳು ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಅಧಿಕಾರಿ ಅವಳ ಕಡೆ ತಿರುಗಿ, ನಿನ್ನ ಭಾಷೆಯಲ್ಲೇ ಇವರನ್ನು ಕೇಳು ಎಂದರು. ಅವಳು ನನ್ನನ್ನು ನೋಡಿದಳು. ಬೇಡಿಕೊಳ್ಳುತ್ತಾಳೆ ಎಂದುಕೊಂಡೆ. ಬೇಡಿಕೊಳ್ಳಲಿಲ್ಲ.

"ನೋ ಸರ್," ಎಂದಳು. "ದಿಸ್ ಮೇಡಂ, ಅದರ್ ಪೀಪಲ್."

ಅವರು ಕಾರ್ಡು ವಾಪಸ್ ಕೊಟ್ಟರು. ಹಿಂದಿನ ಊರಿಗೆ ಹೋಗಿ ಹೊಸದಾಗಿ ಲಸಿಕೆ ಹಾಕಿಸಿಕೊಂಡು ಬಾ ಎಂದರು. ಹೊಸ ಲಸಿಕೆಯ ಕಾರ್ಡು ನಡೆಯುವುದು ಹತ್ತು ದಿನದ ಮೇಲೆ. ಅದು ನನಗೆ ಗೊತ್ತಿತ್ತು, ಅವಳ ಮುಖ ನೋಡಿದರೆ ಅವಳಿಗೂ ಗೊತ್ತಿತ್ತು. ಆ ಗಂಡಸು ಉಳಿದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅವಳು ಗಂಟನ್ನು ತಲೆಯ ಮೇಲಿಟ್ಟುಕೊಂಡು, ಎರಡೂ ಕೈಗೆ ಎರಡು ಕ್ಯಾನು ಎತ್ತಿಕೊಂಡು ಹಿಂದಕ್ಕೆ ತಿರುಗಿದಳು. ಇಕ್ಕಟ್ಟಿನ ಜಾಗ, ನಾನು ಅಡ್ಡ ನಿಂತಿದ್ದೆ.

"ವಸಿ ದಾರಿ ಬುಡಿ," ಎಂದಳು. ಅಮ್ಮಾ ಎನ್ನಲಿಲ್ಲ.

ನಾನು ಪಕ್ಕಕ್ಕೆ ಸರಿದೆ.