ನಮ್ಮ ಮಾವನ ವೈಕುಂಠದ ಬ್ಲಾಗು

ತಿ. ನರಸೀಪುರದಲ್ಲಿ ಅಡುಗೆ ಕೆಲಸ ಮಾಡುವ ನಮ್ಮ ಸೋದರಮಾವನಿಗೆ ಇದ್ದದ್ದು ಒಂದೇ ಕೊರಗು: ಮದುವೆಗೆ ಅವನನ್ನು ಯಾರೂ ಕರೆಯುವುದಿಲ್ಲ. ಸಂಗಮದ ಊರು, ಅಪರಕರ್ಮಕ್ಕೆ ಬರುವವರಿಗೆ ಬರವಿಲ್ಲ. ಯಾವಾಗಲೋ ಒಂದು ತಿಥಿಗೆ ವಡೆ ಚೆನ್ನಾಗಿ ಮಾಡಿಬಿಟ್ಟ, ಅಲ್ಲಿಗೆ ಅವನ ಹಣೆಬರಹ ತೀರ್ಮಾನವಾಯಿತು. ಆಮೇಲೆ ಬರೀ ತಿಥಿ, ಹದಿಮೂರನೇ ದಿನದ ವೈಕುಂಠ ಸಮಾರಾಧನೆ. ಅವನು ಬೀದಿಯಲ್ಲಿ ಎದುರಾಗಿ "ಆರೋಗ್ಯವಾ?" ಅಂತ ಕೇಳಿದರೆ ವಯಸ್ಸಾದವರು ಉತ್ತರ ಕೊಡದೆ ಬೇಗ ಬೇಗ ಹೆಜ್ಜೆ ಹಾಕುತ್ತಿದ್ದರು.

"ನಗೋ ಮುಖಗಳಿಗೆ ಬಡಿಸಿ ಎಷ್ಟು ಕಾಲ ಆಯ್ತು ಕಣೇ," ಅನ್ನುತ್ತಿದ್ದ. ಅದನ್ನು ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತಿತ್ತು.

ಒಂದು ದಿನ ಬಸ್ಸು ಹತ್ತಿ ನಂಜನಗೂಡಿಗೆ, ನಮ್ಮ ಮನೆಗೇ ಬಂದ. ಈಗಿನ ಕ್ಯಾಟರಿಂಗ್‌ನವರಿಗೆಲ್ಲ ವೆಬ್‌ಸೈಟ್ ಇದೆ, ನನಗೂ ಒಂದು ಮಾಡಿಕೊಡು ಎಂದ. ನಾನು ಹೈಸ್ಕೂಲ್ ಟೀಚರು. ನನಗೆ ಮಾಡಲು ಬರುತ್ತಿದ್ದದ್ದು ಬ್ಲಾಗು ಮಾತ್ರ. ನೀರು ಬಾರದ ನಲ್ಲಿ, ನಿಲ್ಲಿಸದ ಬಸ್ಸು, ಇವುಗಳ ಮೇಲಿನ ಸಿಟ್ಟನ್ನೆಲ್ಲ ನನ್ನ ಬ್ಲಾಗಿನಲ್ಲಿ ತೀರಿಸಿಕೊಳ್ಳುತ್ತಿದ್ದೆ. ಅದನ್ನೇ ಮಾಡಿಕೊಡುತ್ತೇನೆ ಎಂದೆ.

"ಎರಡಕ್ಕೂ ಏನೇ ವ್ಯತ್ಯಾಸ?"

ಕೇಳಿದ ಮೇಲೆ ಪಾಠ ಮಾಡದೆ ಬಿಡುವ ಜಾತಿ ನಮ್ಮದಲ್ಲ. ವೆಬ್‌ಸೈಟ್ ಅಂದರೆ ಅಂಗಡಿಯ ಬೋರ್ಡಿನ ಹಾಗೆ. ಒಂದು ಸಲ ಬರೆಸಿದರೆ ಬಣ್ಣ ಹೋಗುವವರೆಗೂ ಅದೇ. ಒಳಗಿರುವವನು ಒಬ್ಬನೇ ಆದರೂ 'ನಾವು' ಎಂದು ಗಂಭೀರವಾಗಿ ಮಾತಾಡುತ್ತಾನೆ. ಬ್ಲಾಗಿನಲ್ಲಿ 'ನಾನು' ಅಂತಲೇ ಬರೆಯಬಹುದು. ಬರೆದದ್ದಕ್ಕೆಲ್ಲ ತಾರೀಖು ಬೀಳುತ್ತದೆ. ಹೊಸದು ಮೇಲೆ, ಹಳೆಯದು ಕೆಳಗೆ. ಓದಿದವರು ಅಡಿಯಲ್ಲಿ ಉತ್ತರ ಬರೆಯಬಹುದು, ಬೇಕಾದರೆ ಬೈಯಲೂಬಹುದು. ಮತ್ತೆ, ಹೊಸದಾಗಿ ಏನಾದರೂ ಹಾಕುತ್ತಲೇ ಇರಬೇಕು, ಇಲ್ಲದಿದ್ದರೆ ಜನ ಮರೆಯುತ್ತಾರೆ.

"ಬೈದ್ರೆ ನಾನೂ ಬೈಬೋದಾ?"

"ಬೈಬಹುದು."

"ಹಂಗಾದ್ರೆ ಬ್ಲಾಗೇ ಇರ್ಲಿ."

ಮೊದಲ ಬರಹದಲ್ಲಿ ಹಿಂದೆಂದೋ ಮಾಡಿದ ಮದುವೆ ಊಟವನ್ನು ಚಂದವಾಗಿ ವರ್ಣಿಸಿದ. ಚಿರೋಟಿ, ಬಾದಾಮಿ ಹಾಲು, ಬೀಗರ ಪಂಕ್ತಿಯ ಉಪಚಾರ. ಪ್ರತಿ ಬರಹದ ಕೊನೆಗೂ ತಾನಾಗಿ ಬೀಳುವಂತೆ "ಮತ್ತೆ ಮತ್ತೆ ಬನ್ನಿ" ಎಂಬ ಸಾಲನ್ನು ನಾನೇ ಸೇರಿಸಿಕೊಟ್ಟೆ. ಆಮೇಲೆ ಪರೀಕ್ಷೆಯ ಪೇಪರು ತಿದ್ದುವ ಗಲಾಟೆಯಲ್ಲಿ ಅದರ ಕಡೆ ತಲೆ ಹಾಕಲಿಲ್ಲ.

ಅಷ್ಟರಲ್ಲಿ ನಮ್ಮ ಶಾಲೆಯ ಮೇಷ್ಟರೊಬ್ಬರ ಮಗಳಿಗೆ ಮದುವೆ ಗೊತ್ತಾಯಿತು. ಅಡುಗೆಯವರನ್ನು ಹುಡುಕುತ್ತಿದ್ದರು. ನಾನು ಮಾವನ ವಿಷಯ ಎತ್ತಿ, ಜಂಬದಿಂದ ಬ್ಲಾಗಿನ ವಿಳಾಸವನ್ನೂ ಕೊಟ್ಟೆ. "ನಮ್ಮಮ್ಮಂಗೆ ತೋರಿಸ್ತೀನಿ. ಅವ್ರು ಒಪ್ಪಿದ್ರೆ ಆಯ್ತು," ಎಂದರು.

ಭಾನುವಾರ ಮಾತುಕತೆಗೆಂದು ಮಾವ ಹೊಸ ಪಂಚೆ ಉಟ್ಟು ಬಂದಿಳಿದ. ಹೊರಡುವ ಮುಂಚೆ ಒಂದು ಸಲ ನೋಡೋಣವೆಂದು ಬ್ಲಾಗು ತೆರೆದೆ. ಎಲ್ಲಕ್ಕಿಂತ ಮೇಲೆ, ಹಾರ ಹಾಕಿದ ಅಜ್ಜಿಯೊಬ್ಬರ ಫೋಟೋ, ಅದರ ಮುಂದೆ ಬಡಿಸಿದ ಎಲೆ. "ಈ ದಿನ ಈ ತಾಯಿಯ ವೈಕುಂಠ. ಹೋದವರಿಗೆ ಎಳ್ಳುಂಡೆ ಎಂದರೆ ಪ್ರಾಣವಂತೆ. ಬೆಲ್ಲ ಒಂದು ಹಿಡಿ ಜಾಸ್ತಿಯೇ ಹಾಕಿದೆ." ಅದರ ಅಡಿಯಲ್ಲಿ, "ಮತ್ತೆ ಮತ್ತೆ ಬನ್ನಿ." ಅದರ ಕೆಳಗೆ ತಗಡೂರಿನ ಯಾರೋ, "ಸಾ, ಆ ಗೊಜ್ಜು ಎಂಗ್ ಮಾಡಾದು ವಸಿ ಏಳಿ," ಎಂದು ಕೇಳಿದ್ದರು. ಕೆಳಗೆ ಹೋದಷ್ಟೂ ಹಾರ ಹಾಕಿದ ಫೋಟೋಗಳೇ. ಮದುವೆ ಊಟ ಎಲ್ಲರಿಗಿಂತ ಅಡಿಯಲ್ಲಿ ಬಿದ್ದಿತ್ತು.

"ಹೊಸದು ಹಾಕ್ತಾನೇ ಇರು ಅಂದೆಯಲ್ಲೇ. ನಂಗೆ ಹೊಸದಾಗಿ ಇರೋದು ಇಷ್ಟೇ," ಎಂದ ಮಾವ. "ಮದುವೇನ ಮೇಲಕ್ಕೆತ್ತು."

ಎತ್ತುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಹಾಗಾದರೆ ಮೇಲೆ ಬೇರೇನಾದರೂ ಹೇರೋಣವೆಂದು ಜಗಲಿಯಲ್ಲಿ ಕೂತು ಗಡಿಬಿಡಿಯಿಂದ ಬರೆದೆವು. ಶ್ಯಾವಿಗೆ ಪಾಯಸ. ತಾಂಬೂಲದ ಮಹತ್ವ. ವರನ ಕಡೆಯವರಿಗೆ ಕಾಫಿ ಕೊಡುವ ಕ್ರಮ. ಅಷ್ಟರಲ್ಲಿ ಮೇಷ್ಟರ ಫೋನು ಬಂತು. "ಎಲ್ಲಿದೀರಿ? ಅಮ್ಮ ಬೆಳಗ್ಗೆಯಿಂದ ಅದನ್ನೇ ಓದ್ತಾ ಕೂತಿದಾರೆ."

ಹೋದೆವು. ಮೇಷ್ಟರ ತಾಯಿ ಮೂಗಿನ ತುದಿಗೆ ಕನ್ನಡಕ ಇಳಿಸಿ, ಫೋನು ಹಿಡಿದು ಕೂತಿದ್ದರು.

"ಇದರಲ್ಲಿ ಇಬ್ರು ನಂಗೆ ಚೆನ್ನಾಗಿ ಗೊತ್ತಿದ್ದೋರು," ಎಂದರು. "ಹೋಗಿದ್ದು ನಿಮ್ಮಿಂದ್ಲೇ ತಿಳೀತು."

ಮೇಷ್ಟರು, "ಶುಭಕಾರ್ಯದ ಮಾತು ಆಡ್ಬೇಕಾದ್ರೆ ಅದ್ಯಾಕಮ್ಮ," ಎಂದರು.

"ನೀನು ಸುಮ್ನಿರು. ಮಿಕ್ಕ ಅಡುಗೆಯವರದೂ ನೋಡ್ದೆ. ಎಲ್ಲಾರೂ ಶುಚಿ ರುಚಿ, ಶುಚಿ ರುಚಿ. ಸತ್ತೋಳಿಗೆ ಏನಿಷ್ಟ ಅಂತ ಕೇಳಿ ಬೆಲ್ಲ ಹಾಕಿದೋರು ಇವರೊಬ್ರೇ." ಮಾವನ ಕಡೆ ತಿರುಗಿದರು. "ನನ್ನ ವೈಕುಂಠಕ್ಕೆ ನೀವೇ ಬರ್ಬೇಕು."

ಮಾವನ ಮುಖ ನೋಡಲಾಗಲಿಲ್ಲ. ಹೊಸ ಪಂಚೆ ಉಟ್ಟು ಬಂದು ಇನ್ನೊಂದು ವೈಕುಂಠವನ್ನೇ ಗಂಟು ಹಾಕಿಕೊಂಡಿದ್ದ. "ಅಮ್ಮಾ, ನಾನು ಮದುವೆಗೆ ಅಂತ ಬಂದೆ," ಎಂದ ಮೆಲ್ಲಗೆ.

"ಪೂರ್ತಿ ಹೇಳೋಕೆ ಬಿಡಿ. ಅವತ್ತು ಊರೋರೆಲ್ಲ ಉಣ್ತಾರೆ, ನಾನೊಬ್ಳೇ ಉಣ್ಣೋ ಹಂಗಿಲ್ಲ. ರುಚಿ ನೋಡ್ದೆ ಹೆಂಗೆ ಒಪ್ಪಿಸ್ಲಿ? ಅದಕ್ಕೇ ಮೊದ್ಲು ಮೊಮ್ಮಗಳ ಮದುವೆ ಮಾಡ್ಕೊಡಿ."

ಮಾವ ಕೈ ಮುಗಿದ.

"ಮದುವೆಗೆ ಹಿಂದಿನ ದಿನಾನೇ ಬಂದ್ಬಿಡ್ತೀನಿ ಅಮ್ಮಾ," ಎಂದ. "ಇನ್ನೊಂದಕ್ಕೆ ನಿಧಾನವಾಗಿ ಕರೀರಿ. ನಂಗೇನೂ ಆತುರ ಇಲ್ಲ."