ಕಡೆಯ ಕೊಡ ಅಧ್ಯಕ್ಷರದು

ನನ್ನ ಹೆಂಡತಿ ಹಾಲವ್ವ ನಮ್ಮ ಚಾಳಿನ ಅಧ್ಯಕ್ಷೆ. ಘಾಟ್ಕೋಪರ್ ಗುಡ್ಡದ ಮೇಲೆ ನಮ್ಮ ಚಾಳು. ಕೆಳಗೊಂದು, ನಡುವೆ ಒಂದು, ಮೇಲೊಂದು ಗಲ್ಲಿ. ಗಲ್ಲಿಗೊಂದೇ ನಳ. ಕೆಳಗಿನ ಟಾಕಿಯ ನೀರನ್ನು ಬೆಳಿಗ್ಗೆ ಮೋಟಾರು ಮೇಲಕ್ಕೆ ತಳ್ಳುತ್ತದೆ. ಯಾವ ಗಲ್ಲಿಗೆ ನೀರು ಬೇಕೋ ಆ ಗಲ್ಲಿಯ ವಾಲ್ವನ್ನು ಉದ್ದನೆಯ ಕಬ್ಬಿಣದ ಚಾವಿಯಿಂದ ತಿರುಗಿಸಬೇಕು. ಚಾವಿ ಯಾರ ಕೈಯಲ್ಲಿದೆಯೋ ನೀರೂ ಅವರ ಕೈಯಲ್ಲೇ.

ಹಾಲವ್ವ ಮದುವೆಯಾಗಿ ಬಂದಾಗಿನಿಂದ ಕಟ್ಟಡದ ಕೆಲಸದಲ್ಲಿ ಬುಟ್ಟಿ ಹೊತ್ತಿದ್ದಾಳೆ. ಬಾಂದ್ರಾದಲ್ಲಿ ಅವಳು ಜಲ್ಲಿ ಹೊತ್ತ ಬಿಲ್ಡಿಂಗುಗಳಲ್ಲಿ ತುತ್ತತುದಿಯ ಮಾಳಿಗೆಗೂ ನೀರು ಏರುತ್ತದೆ. ನಮ್ಮ ಮೇಲಿನ ಗಲ್ಲಿಗೆ ಏರುತ್ತಿರಲಿಲ್ಲ.

ಆಗ ಅಧ್ಯಕ್ಷನಾಗಿದ್ದವನು ಈಶ್ವರ. ಕೆಳಗಿನ ಗಲ್ಲಿಯವನು, ರಿಕ್ಷಾ ಓಡಿಸುತ್ತಾನೆ. ಕೆಟ್ಟವನಲ್ಲ. ಆರಿಸಿ ಬರುವ ಮೊದಲು ನಮ್ಮ ಗಲ್ಲಿಯ ಮುದುಕಿಯರಿಗೆ ಕೊಡ ಹೊತ್ತು ಕೊಟ್ಟವನು. ಅಧ್ಯಕ್ಷನಾದ ಮೇಲೆ ಚಾವಿ ಅವನ ಮನೆಗೆ ಹೋಯಿತು. ಮೊದಲು ಅವನ ಗಲ್ಲಿ ತುಂಬುತ್ತಿತ್ತು. ನಮಗೆ ಬರುವ ಹೊತ್ತಿಗೆ ನೀರು ದಾರದಷ್ಟು. ಹೇಳಿದರೆ ‘ನೋಡೋಣ’ ಎನ್ನುತ್ತಿದ್ದ. ಅವನಿಗಿಂತ ಮೊದಲಿದ್ದವನೂ ಹಾಗೇ ಎನ್ನುತ್ತಿದ್ದ.

ಒಂದು ಮೀಟಿಂಗಿನಲ್ಲಿ ಮೇಲಿನ ಗಲ್ಲಿಯವರು ಈಶ್ವರನನ್ನು ಇಳಿಸಬೇಕೆಂದು ಕೂಗಾಡಿದರು. ಹಾಲವ್ವ ಎದ್ದು ನಿಂತಳು.

“ಇವನ್ನ ಇಳಿಸಿ ಯಾರನ್ನ ಏರಸ್ತೀರಿ? ಯಾರ ಬಂದ್ರೂ ಹಿಂಗ ಆಗ್ತೈತಿ. ಚಾವಿ ಅವನ ಮನ್ಯಾಗ ಐತಿ. ಅವನ ಕೊಡ ಮೊದ್ಲ ತುಂಬತೈತಿ. ನಮ್ಮ ತ್ರಾಸ ಅವಗ ಹ್ಯಾಂಗ ಗೊತ್ತಾಗಬೇಕು?”

“ಹಂಗಾರ ಚಾವಿ ನಿಮ್ಮ ಮನ್ಯಾಗ ಇಡೂಣೇನವಾ?” ಈಶ್ವರ ನಗುತ್ತ ಕೇಳಿದ.

“ನಮ್ಮ ಮನ್ಯಾಗೂ ಬ್ಯಾಡ. ಕಮಿಟ್ಯಾಗ ಇಲ್ಲದವ್ರ ಹತ್ರ ಇರ್ಲಿ. ನೀರು ಮೊದ್ಲ ಮ್ಯಾಲಿನ ಗಲ್ಲಿಗೆ, ಕಡೀಕ ಕೆಳಗಿನ ಗಲ್ಲಿಗೆ. ಅಧ್ಯಕ್ಷ ಯಾರರ ಇರ್ಲಿ, ಎಲ್ಲ್ಯರ ಇರ್ಲಿ, ಇಡೀ ಚಾಳ ತುಂಬಿದ ಮ್ಯಾಲ ಕೆಳಗಿನ ನಳದಾಗ ಅವರ ಕೊಡ. ಅಲ್ಲೀತನಾ ಯಾರೂ ಅವರಿಗೆ ನೀರ ಕೊಡಾಂಗಿಲ್ಲ.”

“ಹಿಂಗಾದ್ರ ಅಧ್ಯಕ್ಷ ಯಾರ ಆಗ್ತಾರ?” ಈಶ್ವರ ಕೇಳಿದ.

“ಆಗಾವ್ರು ಆಗ್ತಾರ.”

ಕೈ ಎತ್ತಿದವರೇ ಹೆಚ್ಚಾದರು. ಚಾವಿ ಹನುಮವ್ವನ ಮನೆಗೆ ಬಂತು. ಹನುಮವ್ವ ಮೇಲಿನ ಗಲ್ಲಿಯ ಮುದುಕಿ. ಒಬ್ಬಳೇ ಇರುತ್ತಾಳೆ, ಯಾರಿಗೂ ಹೆದರುವುದಿಲ್ಲ.

ಆಮೇಲೆ ಈಶ್ವರನ ಮನೆಯ ಕೊಡಗಳು ಅರ್ಧಕ್ಕೇ ನಿಲ್ಲತೊಡಗಿದವು. ವಾರ ತಡೆದುಕೊಂಡ. ಕೊನೆಗೆ ರಿಕ್ಷಾ ನಿಲ್ಲಿಸಿ ತಾನೇ ಪ್ಲಂಬರನ ಬೆನ್ನು ಹತ್ತಿದ. ನಡುವಿನ ಗಲ್ಲಿಯಲ್ಲಿ ಯಾವತ್ತಿನಿಂದಲೋ ಸೋರುತ್ತಿದ್ದ ಪೈಪು ರಿಪೇರಿಯಾಯಿತು. ಅದೇ ಈಶ್ವರ, ಅದೇ ಕಮಿಟಿ. ಪಾಳಿ ಮಾತ್ರ ಬೇರೆಯಾಗಿತ್ತು.

ಮುಂದಿನ ಸಲ ಜನ ಹಾಲವ್ವನನ್ನೇ ಆರಿಸಿದರು. ಅಂದಿನಿಂದ ಮನೆ ಮುಂದೆ ನಳವಿದ್ದರೂ ನಾವಿಬ್ಬರೂ ಕೆಳಗಿಳಿದು, ಎಲ್ಲರದೂ ಆದ ಮೇಲೆ ನೀರು ಹಿಡಿದು, ಮೆಟ್ಟಿಲು ಹತ್ತಿ ತರುತ್ತೇವೆ.

ಕಳೆದ ತಿಂಗಳು ಮಗಳು ಮಹಾದೇವಿಗೆ ಚೊಚ್ಚಲ ಬಸಿರಿನ ಕುಬಸ ಇಟ್ಟುಕೊಂಡಿದ್ದೆವು. ವಿಕ್ರೋಳಿಯಿಂದ ಬೀಗರು ಬರುವವರಿದ್ದರು. ಮೋಟಾರು ಕೆಲವು ದಿನಗಳಿಂದ ಗೊರಗುಡುತ್ತಿತ್ತು. ಕೆಳಗಿನ ಗಲ್ಲಿಯವರು ಬಂದು ಹೇಳಿದ್ದರು. “ಕುಬಸ ಮುಗೀಲಿ, ನೋಡೂಣು” ಎಂದಿದ್ದಳು ಹಾಲವ್ವ.

ಕುಬಸದ ಬೆಳಿಗ್ಗೆ ನೀರು ತೀರ ಸಣ್ಣಗೆ ಬಂತು. ಮೇಲಿನ ಗಲ್ಲಿ ತುಂಬುವುದಕ್ಕೇ ಬಹಳ ಹೊತ್ತಾಯಿತು. ನಮ್ಮ ಮನೆಯಲ್ಲಿದ್ದ ನೀರೆಲ್ಲ ಅಡಿಗೆಗೇ ಮುಗಿದಿತ್ತು. ಹನುಮವ್ವ ನಮ್ಮ ಗಲ್ಲಿಯ ವಾಲ್ವ್ ಮುಚ್ಚಲು ಬಂದಳು. ಬಾಗಿಲ ಮುಂದೆ ನಳ ಇನ್ನೂ ಸುರಿಯುತ್ತಿತ್ತು.

“ಆಯಿ, ತಡಿ. ಎರಡ ಕೊಡ ಹಿಡ್ಕೊಂತೀನಿ. ಬೀಗರು ಬರಾಕತ್ತಾರ,” ಎಂದಳು ಹಾಲವ್ವ.

“ಬರ್ಲಿ. ನಿನ್ನ ಪಾಳಿ ಕಡೀಕ.”

“ಇವತ್ತ ಒಂದ ದಿನ.”

“ಈಶ್ವರನ ಮಾವ ಬಂದಾಗ ಅವನೂ ಇದನ್ನ ಅಂದಿದ್ದ. ಕೊಡಬ್ಯಾಡ ಆಯಿ ಅಂತ ಹೇಳಿದಾಕಿ ಯಾರು?”

ಹನುಮವ್ವ ಚಾವಿ ತಿರುಗಿಸಿಬಿಟ್ಟಳು. ಹಾಲವ್ವನ ಮುಖ ಕೆಂಪಾಯಿತು. ನನ್ನ ಕಡೆ ನೋಡಿದಳು. ನಾನು ಖಾಲಿ ಕೊಡ ನೋಡುತ್ತ ನಿಂತೆ. ಅವಳು ರೇಷ್ಮೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ದಡದಡ ಮೆಟ್ಟಿಲಿಳಿದಳು. ಈಶ್ವರನ ರಿಕ್ಷಾದಲ್ಲಿ ಸ್ಟೇಷನ್ ಹತ್ತಿರದ ಮೆಕ್ಯಾನಿಕನ ಮನೆಗೆ ಹೋದಳು. ಅವನು ಚಹಾಕ್ಕೆ ಕೂತಿದ್ದನಂತೆ. “ಚಾಯ್ ರಿಕ್ಷಾ ಮೇ ಪೀನಾ,” ಎಂದು ಕಪ್ಪಿನ ಸಮೇತ ಎಬ್ಬಿಸಿಕೊಂಡು ಬಂದಳು.

“ಏನ್ರಿ ಅಧ್ಯಕ್ಷರ, ಮೋಟಾರ್ ಕುಬಸ ಆದ ಮ್ಯಾಲ ಅಂದಿದ್ರಲ್ಲ?” ಈಶ್ವರ ದಾರಿಯುದ್ದಕ್ಕೂ ಕಾಡಿದನಂತೆ.

“ಸುಮ್ನ ಗಾಡಿ ಹೊಡಿ. ನಿನ್ನ ಹಂಗ ಆಗಿದ್ದೆ, ಆಯಿ ಉಳಿಸಿದ್ಲು.”

ಮೋಟಾರು ಸರಿಯಾಯಿತು. ನಡುವಿನ ಗಲ್ಲಿ ತುಂಬಿತು, ಕೆಳಗಿನದೂ ತುಂಬಿತು. ನಮ್ಮ ಪಾಳಿ ಬರುವಷ್ಟರಲ್ಲಿ ಬೀಗರು ಬಂದೇಬಿಟ್ಟರು. ಅವರಲ್ಲಿ ಹಿರಿಯರಾದ ಗುರಲಿಂಗಪ್ಪನವರು ಕಾಲಿಗೆ ನೀರು ಕೊಟ್ಟಾರೆಂದು ಬಾಗಿಲಲ್ಲೇ ನಿಂತರು. ನಾನು ತಲೆ ತಗ್ಗಿಸಿದೆ. ಅಷ್ಟರಲ್ಲಿ ಹಾಲವ್ವ ಖಾಲಿ ಕೊಡ ಒಯ್ಯಲು ಮೇಲೆ ಬಂದಳು. ಸೆರಗಿಗೆ ಮೋಟಾರಿನ ಎಣ್ಣೆ ಹತ್ತಿತ್ತು.

“ಏನ್ರಿ ಬೀಗತೀ, ಅಧ್ಯಕ್ಷರ ಮನ್ಯಾಗ ನೀರ ಇಲ್ಲೇನ್ರಿ?” ಗುರಲಿಂಗಪ್ಪನವರು ಕೇಳಿದರು.

“ಅಧ್ಯಕ್ಷರ ಮನ್ಯಾಗ ಮಾತ್ರ ಇಲ್ರಿ,” ಎಂದಳು ಹಾಲವ್ವ, ತಲೆ ಎತ್ತಿಯೇ. “ಬ್ಯಾರೆ ಯಾವ ಮನಿಗರ ಹೋಗಿ ನೋಡ್ರಿ. ತುಂಬೇತಿ.”

ಹನುಮವ್ವ ಕಟ್ಟೆಯ ಮೇಲೆ ಕೂತು ಅವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಗುರಲಿಂಗಪ್ಪನವರು ಮತ್ತೆ ಚಪ್ಪಲಿ ಮೆಟ್ಟಿ ನಮ್ಮ ಜೊತೆ ಕೆಳಗಿಳಿದರು. ಕಡೆಯ ಕೊಡ ತುಂಬುವವರೆಗೆ ನಿಂತು, ಆ ನಳದಲ್ಲೇ ಕಾಲು ತೊಳೆದರು. ತುಂಬಿದ ಕೊಡವನ್ನು ಹಾಲವ್ವನ ತಲೆಗೆ ತಾವೇ ಎತ್ತಿಕೊಟ್ಟರು.

ಮೇಲೆ ಬಂದ ಮೇಲೆ ಹಾಲವ್ವ ಹನುಮವ್ವನ ಮುಂದೆ ನಿಂತಳು.

“ಆಯಿ, ಚಾವಿ ಹಿಂಗ ಗಟ್ಟಿ ಹಿಡ್ಕೊ.”

“ಹಿಡ್ಕೊಂತೀನಿ,” ಎಂದಳು ಹನುಮವ್ವ. “ಮೊದ್ಲ ಎಲಿ ಹಾಕು. ಹೊಟ್ಟಿ ಹಸದೈತಿ.”